ಪಾಪಗ ಹೇಳಬ್ಯಾಡ

"ಖಾರ ಜಾಸ್ತಿ ಆತೇನು?" ಎಂದು ಅಪ್ಪ ಕೇಳುವಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

ಪೂಜಿತಾಳ ಕೈಯಲ್ಲಿ ಅರ್ಧ ತಿಂದ ಮಿರ್ಚಿ ಇತ್ತು. ತೊಡೆಯ ಮೇಲೆ ಪೇಪರಿನಲ್ಲಿ ಒಗ್ಗರಣೆ ಮಂಡಕ್ಕಿ. ಅವಳು ಅಪ್ಪನ ಲಗೇಜ್ ಗಾಡಿಯ ಮುಂದಿನ ಸೀಟಿನಲ್ಲಿ ಕೂತಿದ್ದಳು. ಗಾಡಿ ಕಾಲುವೆ ಪಕ್ಕದ ಚಹಾ ಅಂಗಡಿಯ ಎದುರು ನಿಂತಿತ್ತು. ಅಪ್ಪ ಫೋನಿನಲ್ಲಿ ಹೆಸರು ನೋಡಿದ, ಮಗಳ ಮುಖ ನೋಡಿದ, ಬಾಗಿಲು ತೆಗೆದು ಇಳಿದು ಹೋದ.

ಇಳಿದು ಹೋದದ್ದೇ ತಪ್ಪಾಯಿತು. ಅಲ್ಲೇ ಕೂತು ಮಾತಾಡಿದ್ದರೆ ಪೂಜಿತಾ ತನ್ನ ಪಾಡಿಗೆ ತಾನು ಮಂಡಕ್ಕಿಯಲ್ಲಿ ಶೇಂಗಾ ಹುಡುಕುತ್ತಾ ಇರುತ್ತಿದ್ದಳು. ದೊಡ್ಡವರು ದೂರ ಹೋಗಿ ಮಾತಾಡಿದರೆ ಸಾಕು, ಅವಳ ಕಿವಿ ನೆಟ್ಟಗಾಗುತ್ತದೆ. ಅವು ಸಾಮಾನ್ಯ ಕಿವಿಗಳಲ್ಲ ಬಿಡಿ. ಅಜ್ಜಿ ಅಡುಗೆಮನೆಯಲ್ಲಿ ಬೆಲ್ಲದ ಡಬ್ಬಿ ಮುಟ್ಟಿದರೆ ಇವಳಿಗೆ ಅಂಗಳದಲ್ಲಿ ಕೇಳಿಸುತ್ತದೆ.

ಅಪ್ಪ ಬೇವಿನ ಮರದ ಕೆಳಗೆ ನಿಂತು ತೆಲುಗಿನಲ್ಲಿ ಮಾತಾಡುತ್ತಿದ್ದ. ಅವನ ಊರು ಸಿರುಗುಪ್ಪದ ಕಡೆಯ ಕರೂರು. ಅವರ ಮನೆಯಲ್ಲಿ ಬೆಳಿಗ್ಗೆ ಕನ್ನಡದಲ್ಲಿ ಶುರುವಾದ ಜಗಳ ಮಧ್ಯಾಹ್ನಕ್ಕೆ ತೆಲುಗಿಗೆ ತಿರುಗುತ್ತದೆ. ಪೂಜಿತಾ ಬೆಳೆಯುತ್ತಿರುವುದು ಕುರುಗೋಡಿನಲ್ಲಿ, ಅಮ್ಮ ಮತ್ತು ಅಜ್ಜಿಯ ಜೊತೆ. ಅವಳಿಗೆ ತೆಲುಗು ಬರುವುದು ಚೂರುಪಾರು.

"ಕೊತ್ತದಿ ಅಮ್ಮೇಸ್ತಾ ಅನ್ನಾ," ಎಂದ ಅಪ್ಪ. ಆಮೇಲೆ ದನಿ ತಗ್ಗಿಸಿ, "ಪಾಪಕಿ ಮಾತ್ರಂ ಚೆಪ್ಪೊದ್ದು."

ಮಿರ್ಚಿ ಬಾಯಲ್ಲೇ ನಿಂತಿತು.

'ಕೊತ್ತ' ಅಂದರೆ ಹೊಸ. ಟಿವಿಯ ತೆಲುಗು ಜಾಹೀರಾತುಗಳಲ್ಲಿ ಅದು ದಿನಕ್ಕೆ ಹತ್ತು ಸಲ ಬರುತ್ತದೆ. 'ಚೆಪ್ಪೊದ್ದು' ಅಂದರೆ ಹೇಳಬೇಡ. ಕ್ಲಾಸಿನಲ್ಲಿ ಪಕ್ಕ ಕೂರುವ ನಾಗಲಕ್ಷ್ಮಿ ಹೋಮ್‌ವರ್ಕ್ ಕಾಪಿ ಹೊಡೆದಾಗಲೆಲ್ಲ "ಮಿಸ್ಸಿಗೆ ಚೆಪ್ಪೊದ್ದು ಲೇ" ಎನ್ನುತ್ತಾಳೆ. ಪಾಪ ಅಂದರೆ ಇವಳೇ, ಅಪ್ಪ ಕರೆಯುವುದೇ ಹಾಗೆ. ಇನ್ನು ಉಳಿದದ್ದು ನಡುವಿನ ಮಾತು. ಅದನ್ನು ಯಾರಾದರೂ ಬಿಡಿಸಿ ಹೇಳಬೇಕೇ? ಅಮ್ಮ ಅಂದರೆ ಅಮ್ಮ.

ಹೊಸ ಅಮ್ಮ. ಪಾಪಗೆ ಹೇಳಬೇಡ.

ಅಪ್ಪ ತಿರುಗಿ ಬಂದು ಸ್ಟೇರಿಂಗ್ ಹಿಡಿದ. 

"ಯಾರಪ್ಪಾ ಫೋನು?"

"ಎರ್ರಣ್ಣ. ಮಿಲ್ಲಿನಾಗ ನನ್ನ ಜತಿ ಇದ್ನಲ್ಲ, ಅವ. ಸುಮ್ನ ಮಾಡಿದ್ದ," ಎನ್ನುತ್ತಾ ಅಪ್ಪ ಕನ್ನಡಿ ಸರಿಮಾಡಿದ.

ಕನ್ನಡಿ ಸರಿಯಾಗಿಯೇ ಇತ್ತು. ಆದರೆ ಅಪ್ಪ ಸುಳ್ಳು ಹೇಳುವಾಗೆಲ್ಲ ಕನ್ನಡಿ ಸರಿಮಾಡುತ್ತಾನೆ. "ಡಾಕ್ಟರ್ ಸೂಜಿ ಹಾಕಂಗಿಲ್ಲ, ಬರೇ ಬಾಯಿ ನೋಡ್ತಾರ" ಎಂದ ದಿನವೂ ಹೀಗೇ ಮಾಡಿದ್ದ. ಆವತ್ತು ಎರಡು ಸೂಜಿ ಬಿದ್ದವು.

ಅಪ್ಪ ಮಾರೇಶ್, ಅಮ್ಮ ಸರೋಜಾ. ಇಬ್ಬರೂ ಬೇರೆಯಾಗಿ ಎರಡು ವರ್ಷ. ಬಳ್ಳಾರಿ ಕೋರ್ಟಿನಲ್ಲಿ ಡೈವೋರ್ಸ್ ಆಯಿತು. ಪೂಜಿತಾ ಅಮ್ಮನ ಹತ್ತಿರ ಇರಬೇಕು, ಅಪ್ಪ ಅವಳ ಖರ್ಚಿಗೆ ತಿಂಗಳಿಗೆ ಐದು ಸಾವಿರ ಕಳಿಸಬೇಕು, ಎರಡನೆಯ ಮತ್ತು ನಾಲ್ಕನೆಯ ಭಾನುವಾರ ಅವಳನ್ನು ಕರೆದುಕೊಂಡು ಹೋಗಿ ಸಂಜೆ ಆರಕ್ಕೆ ಬಿಡಬೇಕು ಎಂದು ಕೋರ್ಟು ಬರೆಯಿತು. ಆ ಎರಡು ಭಾನುವಾರಗಳಿಗಾಗಿ ಪೂಜಿತಾ ಉಳಿದ ದಿನಗಳನ್ನು ಹೇಗೋ ನೂಕುತ್ತಿದ್ದಳು.

ಅಪ್ಪ ಹೋದ ವರ್ಷ ಸಿರುಗುಪ್ಪದ ಅಕ್ಕಿ ಮಿಲ್ಲಿನ ಕೆಲಸ ಬಿಟ್ಟು, ಸಾಲ ಮಾಡಿ, ಈ ಗಾಡಿ ತೆಗೆದುಕೊಂಡಿದ್ದ. ಮುಂದಿನ ಗಾಜಿನ ಮೇಲೆ ಹಳದಿ ಅಕ್ಷರದಲ್ಲಿ 'ಪೂಜಿತಾ' ಎಂದು ಬರೆಸಿದ್ದ. ಆ ಕಡೆ ಒಂದು ಗುಲಾಬಿ, ಈ ಕಡೆ ಒಂದು ಗುಲಾಬಿ. ಗಾಡಿ ಬಸ್ ಸ್ಟ್ಯಾಂಡಿಗೆ ಬಂದರೆ ನಾಗಲಕ್ಷ್ಮಿಯ ಹೊಟ್ಟೆ ಉರಿಯುತ್ತಿತ್ತು. ಪೂಜಿತಾಳಿಗೆ ಬೇಕಾಗಿದ್ದದ್ದೂ ಅದೇ.

ಫೋನು ಬಂದ ಆ ಭಾನುವಾರ, ಸಿರುಗುಪ್ಪದಲ್ಲಿದ್ದ ಅಪ್ಪನ ರೂಮಿನಲ್ಲಿ ಅವಳು ಪೊಲೀಸರಂತೆ ತಲಾಶ್ ಮಾಡಿದಳು. ಹೇರ್‌ಪಿನ್ನು ಸಿಗಲಿಲ್ಲ, ಬಳೆ ಸಿಗಲಿಲ್ಲ. ಆದರೆ ಮಧ್ಯಾಹ್ನ ಬಿಳಿ ಅಂಗಿಯ ಇಬ್ಬರು ಬಂದರು. ಅಪ್ಪ ಅವರನ್ನು ಒಳಗೆ ಕರೆಯದೆ ಬಾಗಿಲಾಚೆಯೇ ಮಾತಾಡಿದ. ಪೂಜಿತಾ ಬಾಗಿಲ ಹಿಂದೆ ಹೋಗಿ ನಿಂತಳು.

"ನಮಗ ಮನಸಿಗೆ ಬಂದೈತ್ರಿ," ಎಂದ ಒಬ್ಬ. "ನಮ್ಮಣ್ಣನೂ ಬಂದು ಒಂದ್ಸಲ ನೋಡ್ತಾನ."

"ನೋಡ್ಲಿ ಬಿಡ್ರಿ. ಅಮಾಸಿ ಮುಗೀಲಿ, ಒಳ್ಳೇ ದಿನ ನೋಡಿ ಮುಗಿಸಿಬಿಡಾಣು," ಎಂದ ಅಪ್ಪ.

ಕೇಳಿದಿರಲ್ಲ? ನೋಡುವುದಂತೆ, ಮನಸ್ಸಿಗೆ ಬರುವುದಂತೆ, ಒಳ್ಳೆಯ ದಿನವಂತೆ. ಇದು ಹೆಣ್ಣು ನೋಡುವ ಮಾತಲ್ಲದೆ ಮತ್ತೇನು? ಸಂಜೆ ಮನೆಗೆ ಬಂದವಳೇ ಪೂಜಿತಾ ರಫ್ ನೋಟಿನ ಕೊನೆಯ ಪುಟ ತೆಗೆದು "ಅನುಮಾನ" ಎಂದು ಹೆಡ್ಡಿಂಗ್ ಹಾಕಿದಳು. ಕೆಳಗೆ ಗೆರೆ ಎಳೆದು ಎಲ್ಲವನ್ನೂ ಬರೆದಳು.

"ಏನು ತಿನಿಸಿದ? ಅಲ್ಲಿ ಯಾರರ ಬಂದಿದ್ರೇನು?" ಎಂದು ಅಜ್ಜಿ ದೊಡ್ಡಬಸಮ್ಮ ಎಂದಿನಂತೆ ವಿಚಾರಣೆ ಶುರುಮಾಡಿದಳು.

"ಮಿರ್ಚಿ," ಎಂದಳು ಪೂಜಿತಾ. ಎರಡನೆಯ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಹೇಳಿದರೆ ಅಜ್ಜಿ ಏನು ಮಾಡುತ್ತಾಳೆ ಎಂದು ಅವಳಿಗೆ ಗೊತ್ತಿತ್ತು.

ಬುಧವಾರ ರಿಜಿಸ್ಟರ್ ಪೋಸ್ಟು ಬಂತು. ಅಮ್ಮ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸ ಮುಗಿಸಿ ಬಸ್ಸಿಳಿದು ಬಂದವಳು, ಚಪ್ಪಲಿ ಸಹ ಬಿಡದೆ ನಿಂತೇ ಓದಿದಳು. ಒಮ್ಮೆ ಓದಿ, ಮತ್ತೊಮ್ಮೆ ಮೊದಲಿನಿಂದ ಓದಿದಳು.

"ಏನಮ್ಮಾ ಅದು?"

"ಕೋರ್ಟಿಂದು. ಐದು ಸಾವಿರ ಕೊಡಾಕ ಆಗವಲ್ದು, ಮೂರಕ್ಕ ಇಳಿಸ್ರಿ ಅಂತ ನಿಮ್ಮಪ್ಪ ಅರ್ಜಿ ಹಾಕ್ಯಾನ. ಆದೇಶ ಮಾರ್ಪಾಡು ಮಾಡಬೇಕಂತ."

"ಮಾರ್ಪಾಡು ಅಂದ್ರ?"

"ಬದಲಿ ಮಾಡೋದು."

"ಕೋರ್ಟು ಬರದದ್ದನ್ನ ಬದಲಿ ಮಾಡಾಕ ಬರ್ತೈತೇನು?"

"ಬರ್ತೈತಂತ," ಎಂದಳು ಅಮ್ಮ. "ಹೊಸ ಗಾಡಿ ತಗೊಳ್ಳಾಕ ರೊಕ್ಕ ಇತ್ತು. ಮಗಳಿಗೆ ಕೊಡಾಕ ಇಲ್ಲ."

ಅಜ್ಜಿ ಎಲೆಯಡಿಕೆ ಚೀಲ ಬಿಚ್ಚುತ್ತಾ, "ಸುಮ್ಸುಮ್ನ ಯಾರು ಇಳಿಸ್ರಿ ಅಂತ ಕೇಳ್ತಾರ ಸರೋಜಿ? ಅಲ್ಲಿ ಇನ್ನೊಂದು ಸಂಸಾರ ಎದ್ದೈತಿ, ಬರದಿಟ್ಕೋ," ಎಂದಳು.

ಪೂಜಿತಾ ತನ್ನ ರಫ್ ನೋಟಿನ ಕಡೆ ನೋಡಿದಳು. ಬರೆದಿಟ್ಟುಕೊಂಡದ್ದು ಅವಳೇ ತಾನೆ! ಕೋರ್ಟು ರೊಕ್ಕ ಬದಲಿ ಮಾಡಬಹುದಾದರೆ ಭಾನುವಾರವನ್ನೂ ಬದಲಿ ಮಾಡಬಹುದು. ಹೊಸ ಅಮ್ಮ ಬಂದರೆ ಅಪ್ಪನಿಗೆ ಭಾನುವಾರ ಪುರುಸೊತ್ತೇ ಇರುವುದಿಲ್ಲ. ಆ ಗಾಡಿಯಲ್ಲಿ ಮುಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ?

ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ಅಮ್ಮನ ಸೆರಗು ಹಿಡಿದು, ಫೋನಿನ ಮಾತು, ಬಿಳಿ ಅಂಗಿಯವರು, ಅಮಾವಾಸ್ಯೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು.

ಮಾತಾಡಿದ್ದು ಅಜ್ಜಿ. "ನಾ ಹೇಳಿದ್ನಿಲ್ಲ? ಇನ್ನ ಈ ಹುಡುಗಿನ ಅವನ ಜತಿ ಕಳಿಸಬ್ಯಾಡ. ವಕೀಲರಿಗೆ ಹೇಳಿ ಆ ಭಾನುವಾರನೂ ಬಂದ್ ಮಾಡಿಸು."

ಇದನ್ನು ಪೂಜಿತಾ ಲೆಕ್ಕಕ್ಕೆ ತೆಗೆದುಕೊಂಡಿರಲೇ ಇಲ್ಲ. ಭಾನುವಾರ ಕೈತಪ್ಪಬಾರದು ಎಂದು ಹೇಳಿದ ಮಾತು ಭಾನುವಾರಕ್ಕೇ ಕುತ್ತು ತಂದಿತು. ಆ ದಿನ ಅವಳು ಅನ್ನ ಕಲಸಿಕೊಂಡು ಸುಮ್ಮನೆ ಕೂತಳು.

ಶನಿವಾರ ಶಾಲೆ ಬಿಟ್ಟ ಮೇಲೆ ಅಮ್ಮ ಅವಳನ್ನು ಬಳ್ಳಾರಿಗೆ ಕರೆದುಕೊಂಡು ಹೋದಳು. "ನೀ ಕೇಳಿದ್ದನ್ನ ವಕೀಲರ ಮುಂದ ಒಂದ್ಸಲ ಹೇಳು, ಸಾಕು," ಎಂದಿದ್ದಳು. ವಕೀಲರ ಆಫೀಸು ಬ್ರೂಸ್‌ಪೇಟೆಯಲ್ಲಿ, ಪಾತ್ರೆ ಅಂಗಡಿಯ ಮಾಳಿಗೆಯ ಮೇಲೆ. ಅಲ್ಲಿ ಕೈಗಾಡಿ, ಬೈಕು, ಹಮಾಲರು, ದನ ಎಲ್ಲವೂ ಒಂದೇ ಸಂದಿಯಲ್ಲಿ ನುಗ್ಗುತ್ತವೆ. 

ಪಾತ್ರೆ ಅಂಗಡಿಯ ಮೆಟ್ಟಿಲ ಬುಡದಲ್ಲಿ ಒಬ್ಬ ಮುದುಕಿ ಗೋಣಿತಟ್ಟಿನ ಮೇಲೆ ನಿಂಬೆಹಣ್ಣು ಹರವಿಕೊಂಡು ಕೂತಿದ್ದಳು. ಅಮ್ಮ ಐದು ಹಣ್ಣು ಆರಿಸಲು ಬಗ್ಗಿದಳು. ಪಕ್ಕದ ಹೂವಿನವಳು ಮುದುಕಿಗೆ ಏನೋ ಕೇಳಿದಳು.

"ಇವಿ ಅಮ್ಮೇಸಿ ಇಂಟಿಕಿ ಪೋತಾ," ಎಂದಳು ಮುದುಕಿ.

ಪೂಜಿತಾಳ ಕಿವಿ ನೆಟ್ಟಗಾಯಿತು. ಈ ಮುದುಕಿಗೆ ಎಲ್ಲಿಂದ ಬಂದಳು ಅಮ್ಮ?

"ಅಜ್ಜೀ, ನಿಮ್ಮಮ್ಮ ಇನ್ನಾ ಅದಾರೇನು?"

ಮುದುಕಿ ತಲೆ ಎತ್ತಿ ನೋಡಿದಳು. "ನಮ್ಮಮ್ಮ ಸತ್ತು ನಲವತ್ತು ವರ್ಷ ಆತು ತಾಯಿ. ಯಾಕ?"

"ಮತ್ತ ಈಗ ಅಮ್ಮ ಅಂದ್ರೆಲ್ಲ, ಮನಿಗೆ ಹೋಗ್ತೀನಿ ಅಂತ."

ಮುದುಕಿ ಹೂವಿನವಳ ಕಡೆ ತಿರುಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಮ್ಮ ಅಲ್ಲಬೇ, ಅಮ್ಮೇಸಿ. ನಮ್ಮ ತೆಲುಗಿನಾಗ ಅಮ್ಮೋದು ಅಂದ್ರ ಮಾರೋದು. ಇವಿಷ್ಟು ಮಾರಿ ಮನಿಗೆ ಹೋಗ್ತೀನಿ ಅಂದೆ. ಈ ಜಂಬಮ್ಮ ಹಣ್ಣು ಮಾರ್ತಾಳಪ್ಪ, ಅಮ್ಮನ್ನ ಮಾರಂಗಿಲ್ಲ."

"ಅಮ್ಮೇಸ್ತಾ ಅಂದ್ರ?"

"ಮಾರಿಬಿಡ್ತೀನಿ ಅಂತ."

ಪೂಜಿತಾ ಅಲ್ಲೇ ನಿಂತುಬಿಟ್ಟಳು. ಕೊತ್ತದಿ ಅಮ್ಮೇಸ್ತಾ. ಹೊಸದನ್ನು ಮಾರಿಬಿಡ್ತೀನಿ. ಅಪ್ಪನ ಹತ್ತಿರ ಹೊಸದು ಅಂತ ಇರುವುದು ಒಂದೇ ಒಂದು. ಬಿಳಿ ಅಂಗಿಯವರು ನೋಡಲು ಬಂದದ್ದು ಅದನ್ನೇ. ಅದರ ಗಾಜಿನ ಮೇಲೆ ಯಾರ ಹೆಸರಿದೆಯೋ, ಅವಳಿಗೆ ಮಾತ್ರ ಹೇಳಬೇಡ ಎಂದಿದ್ದ ಅಪ್ಪ.

"ಅಮ್ಮಾ, ನಾ ಹೇಳಿದ್ದು..."

"ಮ್ಯಾಲ ಹೋಗಿ ಹೇಳಿಯಂತಿ, ನಡಿ. ವಕೀಲರು ಎದ್ದು ಹೋಗ್ತಾರ," ಎಂದು ಅಮ್ಮ ನಿಂಬೆಹಣ್ಣು ಚೀಲಕ್ಕೆ ಹಾಕಿಕೊಂಡು ದಡದಡ ಮೆಟ್ಟಿಲು ಹತ್ತಿದಳು.

ವಕೀಲ ಮೇಡಮ್ ಆಗಲೇ ಕಂಪ್ಯೂಟರಿನ ಮುಂದೆ ಕೂತಿದ್ದರು. ಅಮ್ಮ ಫೋನಿನಲ್ಲಿ ಮೊದಲೇ ಎಲ್ಲ ಹೇಳಿದ್ದಳೆಂದು ಕಾಣುತ್ತದೆ. ಅವರು ಬೆರಳು ಆಡಿಸುತ್ತಲೇ ಓದಿದರು. "ಅರ್ಜಿದಾರರು ಎರಡನೇ ಮದುವೆಯ ತಯಾರಿಯಲ್ಲಿದ್ದು, ಆ ಕಾರಣಕ್ಕಾಗಿಯೇ ಮಗಳ ಜೀವನಾಂಶ ಕಡಿಮೆ ಮಾಡಲು ಕೋರಿರುತ್ತಾರೆ. ಸರಿ ಐತೇನ್ರಿ? ಮತ್ತ ಭಾನುವಾರದ್ದು? ಅದನ್ನೂ ನಿಲ್ಲಿಸ್ರಿ ಅಂತ ಸೇರಿಸಲೇನು?"

ಅಮ್ಮ ಚೀಲದ ಹಿಡಿಕೆ ತಿರುಚುತ್ತಾ ಕೂತಳು.

"ಮೇಡಮ್, ಅದು ತಪ್ಪೈತ್ರಿ," ಎಂದಳು ಪೂಜಿತಾ. "ನಾನ ತಪ್ಪು ಕೇಳಿಸ್ಕೊಂಡೆ. ಮದುವಿ ಅಲ್ರಿ. ಗಾಡಿ."

ಇಬ್ಬರೂ ಅವಳನ್ನು ನೋಡಿದರು. ಕಿವಿ ಬಿಸಿಯಾಗುತ್ತಿತ್ತು. ಆದರೂ ಅವಳು ಕೊತ್ತದಿಯಿಂದ ಹಿಡಿದು ಜಂಬಮ್ಮನ ನಿಂಬೆಹಣ್ಣಿನವರೆಗೆ ಎಲ್ಲವನ್ನೂ ಹೇಳಿದಳು. ತಾನು ಎಷ್ಟು ದಡ್ಡಿ ಎಂದು ತಾನೇ ಹೇಳುವುದು ಎಷ್ಟು ಕಷ್ಟ ಎಂಬುದು ಹೇಳಿದವರಿಗೇ ಗೊತ್ತು.

ಮೇಡಮ್‌ಗೆ ನಗು ಬಂದಿತ್ತು, ನುಂಗಿಕೊಂಡರು. "ಈಗ ಹೇಳಿದ್ದು ಚಲೋ ಆತು. ಕೋರ್ಟಿನಾಗ ಹೇಳಿ ಆಮ್ಯಾಲ ಇಲ್ಲ ಅಂದಿದ್ರ ನನ್ನ ಮಾರಿ ಎಲ್ಲಿ ಇಟ್ಕೋಬೇಕಿತ್ತು?" ಎಂದು ಬರೆದ ಸಾಲು ಅಳಿಸಿದರು. ಆಮೇಲೆ ಅಮ್ಮನ ಕಡೆ ತಿರುಗಿ, "ನೀವು ಒಂದ್ಸಲ ಇವಳ ಅಪ್ಪನ್ನ ಕೇಳಿ ನೋಡ್ರಿ," ಎಂದರು.

ಅಮ್ಮ ಫೋನು ಹಿಡಿದು ಹೊರಗಿನ ವರಾಂಡಕ್ಕೆ ಹೋದಳು. ಪೂಜಿತಾ ಕಿವಿ ಎಷ್ಟು ನೆಟ್ಟಗೆ ಮಾಡಿದರೂ ಕೆಳಗೆ ಯಾರೋ ಕೊಡಪಾನ ಬಡಿಯುವ ಸದ್ದು ಬಿಟ್ಟು ಏನೂ ಕೇಳಿಸಲಿಲ್ಲ. ಅಮ್ಮನ ಬೆನ್ನು ಮಾತ್ರ ಕಾಣುತ್ತಿತ್ತು. ಮೊದಲು ಆ ಬೆನ್ನು ಸೆಟೆದು ನಿಂತಿತ್ತು. ಬರುಬರುತ್ತಾ ಅಮ್ಮ ಗೋಡೆಗೆ ಒರಗಿಕೊಂಡಳು.

ತಿರುಗಿ ಹೋಗುವ ಬಸ್ಸಿನಲ್ಲಿ ಸೀಟು ಸಿಕ್ಕಿತು. ಬಳ್ಳಾರಿ ಗುಡ್ಡ ಹಿಂದೆ ಬಿತ್ತು.

"ಗಾಡಿಗೆ ಬಾಡಿಗಿ ಸಿಗವಲ್ದಂತ," ಎಂದಳು ಅಮ್ಮ. "ಆರು ತಿಂಗಳಿಂದ ಕಂತು ಕಟ್ಟೋದರಾಗ ಎಲ್ಲ ಹೊಂಟೈತಿ. ಅದನ್ನ ಮಾರಿ ಸಾಲ ಹರಕೊಂಡು, ತಿರುಗಿ ಮಿಲ್ಲಿನ ಕೆಲಸಕ್ಕ ಹೋಗ್ತೀನಿ ಅಂದ್ರು. ಅಲ್ಲೀತನಕ ನಾಕು ಸಾವಿರ. ಸಾಲಿ ಫೀಸು ಅವರ ಕಟ್ಟೋದು. ನಾನೂ ಹೂಂ ಅಂದೆ. ಇಬ್ರೂ ಒಪ್ಪಿದ್ದನ್ನ ಮೇಡಮ್ ಬರದು ಕೋರ್ಟಿಗೆ ಕೊಡ್ತಾರ."

ಅಮ್ಮ 'ಅಂದ್ರು' ಎಂದಳು. ಎರಡು ವರ್ಷದಿಂದ ಅಪ್ಪನ ವಿಷಯಕ್ಕೆ 'ಅಂದ', 'ಮಾಡಿದ', 'ಹೋದ' ಇಷ್ಟೇ ಇತ್ತು. ಪೂಜಿತಾ ಇದನ್ನೂ ಗಮನಿಸಿದಳು, ಆದರೆ ನೋಟಿನಲ್ಲಿ ಬರೆಯಲಿಲ್ಲ.

ಎಲ್ಲ ಸರಿಹೋಯಿತು ಎಂದೇನೂ ತಿಳಿಯಬೇಡಿ. ಒಂದು ಸಾವಿರ ಕಡಿಮೆ ಎಂದರೆ ಅಮ್ಮನಿಗೆ ವಾರದಲ್ಲಿ ಎರಡು ದಿನ ಓವರ್‌ಟೈಮ್. ಅಜ್ಜಿಯಂತೂ "ನಾ ನಂಬಂಗಿಲ್ಲವಾ" ಎಂದು ಈಗಲೂ ಹೇಳುತ್ತಿರುತ್ತಾಳೆ.

"ಭಾನುವಾರ?" ಎಂದು ಕೇಳಿದಳು ಪೂಜಿತಾ.

"ಭಾನುವಾರಕ್ಕ ಏನಾಗೈತಿ? ಇದ್ದಂಗ ಐತಿ," ಎಂದಳು ಅಮ್ಮ. ಸ್ವಲ್ಪ ಹೊತ್ತಿನ ಮೇಲೆ ತನ್ನಷ್ಟಕ್ಕೆ ಹೇಳಿಕೊಂಡಂತೆ, "ಗಾಡಿ ಸುದ್ದಿ ಪಾಪಗ ಹೇಳಬ್ಯಾಡ ಅಂದಿದ್ರು. ನಿನ್ನ ಮುಂದ ಎಲ್ಲ ಹೇಳಿಬಿಟ್ಟೆ ನೋಡು," ಎಂದಳು.

ನಾಲ್ಕನೆಯ ಭಾನುವಾರ ಬಂತು. ಕುರುಗೋಡಿನ ಬಸ್ ಸ್ಟ್ಯಾಂಡಿನಲ್ಲಿ ಪೂಜಿತಾ ಗಾಡಿ ಬರುವ ದಾರಿಯನ್ನೇನೂ ನೋಡಲಿಲ್ಲ. ಸಿರುಗುಪ್ಪದ ಬಸ್ಸು ಬಂತು. ಅಪ್ಪ ಇಳಿದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಕೈಯಲ್ಲಿ ಮಿರ್ಚಿಯ ಪೊಟ್ಟಣ ಇತ್ತು.

"ಗಾಡಿ ಸರ್ವೀಸಿಗೆ ಬಿಟ್ಟೀನಿ ಪಾಪ. ಇವತ್ತು ಬಸ್ಸಿನಾಗ ಹೋಗಾಣು," ಎಂದ.

ಹೇಳುತ್ತಲೇ ಅವನ ಕೈ ರೂಢಿಯಂತೆ ಮೇಲೆದ್ದಿತು. ಅಲ್ಲಿ ಕನ್ನಡಿ ಇರಲಿಲ್ಲ. ಕೈ ಒಂದು ಕ್ಷಣ ಗಾಳಿಯಲ್ಲೇ ನಿಂತು, ಆಮೇಲೆ ತಲೆ ಕೆರೆದುಕೊಂಡು ಕೆಳಗಿಳಿಯಿತು.

ಬೇರೆ ದಿನವಾಗಿದ್ದರೆ ಪೂಜಿತಾ ಬಿಡುತ್ತಿದ್ದಳೇ? ಯಾವ ಸರ್ವೀಸು, ಎಲ್ಲಿ, ಯಾವಾಗ ಬರುತ್ತದೆ ಎಂದು ಕೇಳಿ ಕೇಳಿ ಸುಳ್ಳನ್ನು ಜುಟ್ಟು ಹಿಡಿದು ಹೊರಗೆ ಎಳೆಯುತ್ತಿದ್ದಳು. ಇವತ್ತು ಪ್ರಶ್ನೆಗಳೆಲ್ಲ ನಾಲಿಗೆಯ ತುದಿಯವರೆಗೆ ಬಂದವು.

"ಹೂಂ," ಎಂದಳು. "ನನಗ ಕಿಟಕಿ ಸೀಟು ಬೇಕು."

ಸಿರುಗುಪ್ಪದಲ್ಲಿ ಇಳಿದು ಇಬ್ಬರೂ ನಡೆದುಕೊಂಡು ಹೊರಟರು. ಅಪ್ಪನ ರೂಮಿಗೆ ಅಕ್ಕಿ ಮಿಲ್ಲುಗಳ ಮುಂದೆ ಹಾದು ಹೋಗಬೇಕು. ಒಂದು ಮಿಲ್ಲಿನ ಗೇಟಿನಲ್ಲಿ ಹಮಾಲರು ಒಂದು ಲಗೇಜ್ ಗಾಡಿಗೆ ಮೂಟೆ ಏರಿಸುತ್ತಿದ್ದರು. ಮುಂದಿನ ಗಾಜಿನಲ್ಲಿ ಗುಲಾಬಿ ಹಾಗೇ ಇದ್ದವು. ನಡುವಿನ ಹಳದಿ ಅಕ್ಷರಗಳನ್ನು ಯಾರೋ ಬ್ಲೇಡಿನಿಂದ ಕೆರೆದಿದ್ದರು. ಕೊನೆಯ 'ತಾ' ಒಂದೇ ಉಳಿದಿತ್ತು.

ಪೂಜಿತಾ ನೋಡಿದಳು. ಅಪ್ಪನೂ ನೋಡಿದ. ಅವನು ತಟ್ಟನೆ ಅವಳ ಆ ಕಡೆಗೆ ಬಂದು ಗಾಡಿಗೆ ಅಡ್ಡವಾಗಿ ನಡೆಯತೊಡಗಿದ. ಅವಳ ಹೆಗಲ ಮೇಲೆ ಕೈ ಹಾಕಿ ರಸ್ತೆಯ ಇನ್ನೊಂದು ಮಗ್ಗುಲಿಗೆ ಬೆರಳು ತೋರಿಸಿದ.

"ಅಲ್ನೋಡು ಪಾಪ, ಕೊಕ್ಕರಿ."

ಅಲ್ಲಿ ಒಂದು ಕಾಂಪೌಂಡ್ ಗೋಡೆ ಇತ್ತು. ಗೋಡೆಯ ಮೇಲೆ ಕರೆಂಟಿನ ತಂತಿ ಇತ್ತು. ಕೊಕ್ಕರೆ ಇರಲಿಲ್ಲ.

"ಹೌದಪ್ಪಾ," ಎಂದಳು ಪೂಜಿತಾ. "ಎರಡು ಅದಾವು."

ಮಿಲ್ಲು ಹಿಂದೆ ಬೀಳುವವರೆಗೂ ಅವಳು ಆ ಗೋಡೆಯ ಕಡೆಗೇ ನೋಡುತ್ತಾ ನಡೆದಳು.